ತಟ್ಟಿ ಕೇಳುವ ಗುರುಮಲ್ಲು

ನಮ್ಮ ಮನೆಯ ಗೃಹಪ್ರವೇಶದ ದಿನ ಹೋಮದ ಹೊಗೆ ಇನ್ನೂ ಆರಿರಲಿಲ್ಲ. ಗುರುಮಲ್ಲು ಬಂದವನೇ ಮಂಗಳಾರತಿಗೆ ಕೈ ಒಡ್ಡುವುದು ಬಿಟ್ಟು ಗೋಡೆ ತಟ್ಟಲು ಶುರುಮಾಡಿದ. ಪ್ಯಾಂಟಿನ ಜೇಬಿನಿಂದ ಗೇಣುದ್ದದ ಹಿತ್ತಾಳೆಯ ಬೀಗದ ಕೈ ತೆಗೆದು, ತಲೆ ವಾರೆ ಮಾಡಿ, ಟಕ್ ಟಕ್ ಎಂದು ತಟ್ಟುತ್ತಾ ನಡುಮನೆಯನ್ನು ಒಂದು ಸುತ್ತು ಹಾಕಿದ. ಪೂರ್ವದ ಗೋಡೆಯ ಹತ್ತಿರ ನಿಂತು ಎರಡು ಸಲ ಹೆಚ್ಚಿಗೆ ತಟ್ಟಿದ. "ಇಲ್ಲಿ ವಸಿ ಟೊಳ್ಳದೆ ಕಣೋ ಸೀನ. ಗಾರೆ ಗೋಡೆ ಬುಟ್ಟು ನಿಂತದೆ" ಎಂದ. ಪುರೋಹಿತರು ಮಂತ್ರ ನಿಲ್ಲಿಸಿದರು. ನಮ್ಮ ಮಾವನವರು ಕನ್ನಡಕ ಸರಿಮಾಡಿಕೊಂಡು ಆ ಜಾಗವನ್ನು ನೋಡಿದರು. ನಾನು ಸಿವಿಲ್ ಎಂಜಿನಿಯರ್. ಅದು ನಾನೇ ನಿಂತು ಕಟ್ಟಿಸಿದ ನನ್ನ ಸ್ವಂತ ಮನೆ. ಮರುದಿನ ನನ್ನ ಹೆಂಡತಿ ವಸಂತ ಅದೇ ಜಾಗದ ಮೇಲೆ ಒಂದು ಕ್ಯಾಲೆಂಡರ್ ನೇತುಹಾಕಿದಳು. ಅಂದಿನಿಂದ ವರ್ಷ ವರ್ಷ ಕ್ಯಾಲೆಂಡರ್ ಬದಲಾಯಿತೇ ಹೊರತು ಜಾಗ ಬದಲಾಗಲಿಲ್ಲ.

ತಟ್ಟುವುದು ಅವನಿಗೆ ಅಪ್ಪನಿಂದ ಬಂದ ಅಭ್ಯಾಸ. ಅವರದು ಮಠದ ಭಕ್ತರ ಮನೆತನ. ಸಂತೇಪೇಟೆಯಲ್ಲಿ ತೆಂಗಿನಕಾಯಿಯ ಮಂಡಿ ಇಟ್ಟುಕೊಂಡಿದ್ದರು. ಮಠದ ದಾಸೋಹಕ್ಕೂ ಪೂಜೆಗೂ ಕಾಯಿ ಹೋಗುತ್ತಿದ್ದುದು ಅವರಲ್ಲಿಂದಲೇ. ಅಪ್ಪ ಒಂದೊಂದು ಕಾಯಿಯನ್ನೂ ಮಂಡಿಯ ಬೀಗದ ಕೈಯಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು, ಇದು ದೇವರಿಗೆ, ಇದು ಅಡುಗೆಗೆ, ಇದು ಗಾಣಕ್ಕೆ ಎಂದು ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದರಂತೆ. ಮಠಕ್ಕೆ ಕೊಟ್ಟ ಕಾಯಿ ಒಡೆದಾಗ ಕೊಳೆತದ್ದು ಬಂದರೆ ಅವತ್ತು ಅವರು ಊಟ ಮಾಡುತ್ತಿರಲಿಲ್ಲವಂತೆ. ಅವರು ಹೋದ ಮೇಲೆ ಮಂಡಿ ಮುಚ್ಚಿತು. ಬೀಗ ಎಲ್ಲಿ ಹೋಯಿತೋ ಗೊತ್ತಿಲ್ಲ, ಬೀಗದ ಕೈ ಮಾತ್ರ ಮಗನ ಜೇಬಿಗೆ ಬಂತು.

ಆ ಬೀಗದ ಕೈ ಹಿಡಿದು ಅವನು ಮೈಸೂರಿನಲ್ಲಿ ತಟ್ಟದ ವಸ್ತು ಇಲ್ಲ. ಮದುವೆಗೆ ಹೋದರೆ ಛತ್ರದ ಕಂಬ ತಟ್ಟುತ್ತಿದ್ದ. ಬೆಟ್ಟ ಹತ್ತುವಾಗ ದಣಿವಾರಿಸಿಕೊಳ್ಳಲು ಕೂತರೆ ಕೂತ ಮೆಟ್ಟಿಲನ್ನೇ ತಟ್ಟಿ, "ಆ ಕಾಲ್ದೋರು ಎಂಗ್ ಕೂರ್ಸವ್ರೆ ನೋಡು" ಎನ್ನುತ್ತಿದ್ದ. ನಾವು ಏನು ಕೊಂಡರೂ, ಏನು ಹೇಳಿದರೂ ಅವನ ಮೊದಲ ಪ್ರಶ್ನೆ ಒಂದೇ: "ತಟ್ಟಿದ್ಯಾ?" ನನ್ನ ತಂಗಿಗೆ ಗಂಡು ಗೊತ್ತಾಯಿತು ಎಂದಾಗಲೂ ಹಾಗೇ ಕೇಳಿದ. ನಮ್ಮಮ್ಮ ನಗು ತಡೆಯಲಾರದೆ ಅಡುಗೆಮನೆಗೆ ಓಡಿದರು.

ಇಷ್ಟು ಓದಿ ನಾನು ಗೆಳೆಯನನ್ನು ಪ್ರೀತಿಯಿಂದ ನೆನೆಯುತ್ತಿದ್ದೇನೆ ಎಂದುಕೊಂಡುಬಿಡಬೇಡಿ. ಹದಿನೈದು ವರ್ಷಕ್ಕೂ ಮೇಲೆ ನಾನು ಅವನ ಮೇಲೆ ಹೊಟ್ಟೆ ಉರಿದುಕೊಂಡೇ ಬದುಕಿದವನು. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಓದಿದವರು. ನನ್ನ ತಾತ ಅರಮನೆಯ ಕಚೇರಿಯಲ್ಲಿ ಇಂಗ್ಲಿಷ್ ಕಾಗದಗಳನ್ನು ನೋಡಿಕೊಳ್ಳುತ್ತಿದ್ದವರು. ಆ ಹೆಮ್ಮೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿಯಂತೆ ದಿನಾ ಊಟಕ್ಕೆ ಬರುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಕಲಿತವನು. ಗುರುಮಲ್ಲು ಕನ್ನಡ ಶಾಲೆಯಿಂದ ಬಂದವನು, ಮಾತಾಡಿದರೆ ಹಕಾರ ನುಂಗುವವನು. ಅಂಥವನು ಸಮುದ್ರ ದಾಟಿ ವಿದೇಶದ ಸೈನ್ಯವೊಂದರ ಕಟ್ಟಡ ಇಲಾಖೆಯಲ್ಲಿ ಎಂಜಿನಿಯರ್ ಆದ. ನಾನು ಕುವೆಂಪುನಗರ, ಸರಸ್ವತೀಪುರಂ, ಸಿದ್ಧಾರ್ಥನಗರ ಎಂದು ಸ್ಕೂಟರಿನಲ್ಲಿ ಸುತ್ತಿಕೊಂಡು ಇಲ್ಲೇ ಉಳಿದೆ. ಅವನು ಹೋದದ್ದಕ್ಕಿಂತ ಅವನು ಹೋದ ರೀತಿ ನನ್ನನ್ನು ಸುಟ್ಟಿತು. ಅದನ್ನು ಹೇಳಬೇಕಾದರೆ ಒಂದು ಕಂಬದ ಕಥೆ ಹೇಳಬೇಕು.

ತೊಂಬತ್ತರ ದಶಕದ ಮೊದಲ ವರ್ಷಗಳು. ಬೋರೇಗೌಡರೆಂಬ ಕಂಟ್ರಾಕ್ಟರರ ಕೈಕೆಳಗೆ ನಾವಿಬ್ಬರೂ ಸೈಟ್ ಎಂಜಿನಿಯರುಗಳಾಗಿದ್ದೆವು. ಸಿದ್ಧಾರ್ಥನಗರದಲ್ಲಿ ಒಂದು ಕಲ್ಯಾಣಮಂಟಪ ಏಳುತ್ತಿತ್ತು. ಕೆಳಮಹಡಿಯ ಕಂಬಗಳು ನನ್ನ ಪಾಲು, ಊಟದ ಮನೆ ಅವನ ಪಾಲು. ಒಂದು ಕಂಬಕ್ಕೆ ಕಾಂಕ್ರೀಟು ಸುರಿಯುವ ದಿನ ನಾನು ಸೋದರತ್ತೆಯ ಮಗನ ಮದುವೆ ಊಟಕ್ಕೆಂದು ಮಧ್ಯಾಹ್ನ ಜಾರಿಕೊಂಡೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರು ಅರ್ಧಕ್ಕೆ ಕೈಕೊಟ್ಟಿತ್ತಂತೆ. ನಾನಿಲ್ಲ, ಆಳುಗಳು ಕಂಬಿಯಲ್ಲಿ ಒಂದಿಷ್ಟು ಕುಟ್ಟಿ ಮುಗಿಸಿದ್ದರು. ಹಲಗೆ ಬಿಚ್ಚಿದಾಗ ಮೊಣಕಾಲೆತ್ತರದಲ್ಲಿ ಜೇನುಗೂಡಿನಂತೆ ತೂತು ತೂತು, ಒಳಗಿನ ಕಬ್ಬಿಣ ಇಣುಕುತ್ತಿತ್ತು. ಮೇಸ್ತ್ರಿ ತಣ್ಣಗೆ, "ಸಿಮೆಂಟ್ ಹಾಲು ಬಳಿದ್ಬುಟ್ರೆ ಮುಗೀತು, ಸಾರ್" ಎಂದ. ಎಲ್ಲ ಕಡೆ ನಡೆಯುವ ರೂಢಿ ಅದು. ನಾನು ಆಗಲಿ ಎಂದು ತಲೆಯಾಡಿಸಿದೆ. ಸಂಜೆ ಗೌಡರು ಬಂದು ಕಂಬದ ಮೇಲೆ ಕೈಯಾಡಿಸಿ, "ಕನ್ನಡಿ ಇದ್ದಂಗದೆ ಕಣಯ್ಯ" ಎಂದು ಹೊಗಳಿ ಹೋದರು.

ಅವರು ಹೋದ ಮೇಲೆ ಗುರುಮಲ್ಲು ಬಂದ. ಟಕ್ ಟಕ್.

"ಸೀನ, ಇದ್ಯಾಕೋ ಒಳಗೆ ಟೊಳ್ಳು?"

"ಮೆಲ್ಲಗೆ ಮಾತಾಡೋ ಮಾರಾಯ."

"ನೀನೇ ಗೌಡ್ರಿಗೆ ಯೋಳು. ನಾಳೆ ಒಂಬತ್ಗಂಟೆವರ್ಗೂ ನಾನು ಬಾಯ್ ಬುಡಲ್ಲ" ಎಂದು ಹೇಳಿ, ಬೀಗದ ಕೈಯನ್ನು ಜೇಬಿಗಿಳಿಸಿ ಹೊರಟುಹೋದ.

ನಾನು ಹೇಳಲಿಲ್ಲ. ಗೆಳೆಯ, ಹೇಗಾದರೂ ಬಾಯಿ ಮುಚ್ಚಿಕೊಳ್ಳುತ್ತಾನೆ ಎಂದುಕೊಂಡೆ. ಮರುದಿನ ಒಂಬತ್ತು ಗಂಟೆಗೆ ಅವನು ಗೌಡರನ್ನು ನೇರವಾಗಿ ಆ ಕಂಬದ ಬಳಿಗೇ ಕರೆತಂದ. ಗೌಡರು ಉಳಿಯಿಂದ ಒಂದು ಚೂರು ಕೆತ್ತಿಸಿದರು. ಬಳಿದ ಪದರ ಉದುರಿ ಒಳಗಿನ ಹುಳುಕು ಕಂಡಿತು. ಮೇಲಿನ ತಾರಸಿಯ ಮೌಲ್ಡ್ ಇನ್ನೂ ಹಾಕಿರಲಿಲ್ಲ, ಅದೊಂದು ಪುಣ್ಯ. "ಒಡೀರಿ" ಎಂದರು ಗೌಡರು. ಆಳುಗಳು ನನ್ನ ಮುಖ ನೋಡಿಕೊಂಡು ನಿಂತರು. ನಾನು ಒಬ್ಬನ ಕೈಯಿಂದ ಸಮ್ಮಟಿಗೆ ಕಿತ್ತುಕೊಂಡು, ತಲೆಯ ಮೇಲಕ್ಕೆತ್ತಿ, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಮೊದಲ ಏಟು ಹಾಕಿದೆ. ನಿಜ ಹೇಳಬೇಕೆಂದರೆ ಆಗ ನನ್ನ ಕಣ್ಣಿಗೆ ಕಂಬ ಕಾಣುತ್ತಿರಲಿಲ್ಲ, ಗುರುಮಲ್ಲುವಿನ ಬುರುಡೆ ಕಾಣುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಗುರುಮಲ್ಲು ಎರಡು ಹೆಜ್ಜೆ ಹಿಂದಕ್ಕೆ ಸರಿದ.

ಎರಡು ತಿಂಗಳು ನಾನು ಅವನ ಜೊತೆ ಮಾತಾಡಲಿಲ್ಲ. ಅವನು ಮಾತ್ರ ಏನೂ ಆಗದವನಂತೆ ದಿನಾ ಟೀ ತಂದು ನನ್ನ ಪಕ್ಕ ಇಡುತ್ತಿದ್ದ.

ಆ ವರ್ಷವೇ ಪತ್ರಿಕೆಯಲ್ಲಿ ಜಾಹೀರಾತು ಬಂತು. ವಿದೇಶದ ಸೈನ್ಯವೊಂದಕ್ಕೆ ಬ್ಯಾರಕ್ಕು, ರಸ್ತೆ, ವಿಮಾನದ ರನ್‌ವೇ ಕಟ್ಟಿಸುವ ಇಲಾಖೆಗೆ ಕುವೈತಿನಲ್ಲಿ ಸಿವಿಲ್ ಎಂಜಿನಿಯರುಗಳು ಬೇಕು. ಸೈನ್ಯಕ್ಕೆ ಸೇರುವುದಲ್ಲ, ಯೂನಿಫಾರ್ಮ್ ಇಲ್ಲ, ಕಂಟ್ರಾಕ್ಟರು ಮಾಡಿದ ಕೆಲಸವನ್ನು ಪರೀಕ್ಷೆ ಮಾಡಿ ಒಪ್ಪುವುದು ಅಥವಾ ತಿರಸ್ಕರಿಸುವುದಷ್ಟೇ ಕೆಲಸ. ಇಬ್ಬರೂ ಅರ್ಜಿ ಹಾಕಿದೆವು. ಇಬ್ಬರಿಗೂ ಬೆಂಗಳೂರಿನ ಒಂದು ಹೋಟೆಲಿನಲ್ಲಿ ಸಂದರ್ಶನವಿತ್ತು. ನನಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂದರೆ, ಹೊರಡುವ ಮೊದಲು ಬೆಟ್ಟ ಹತ್ತಿ ದೇವಿಗೆ ಹರಕೆ ಕಟ್ಟಿಕೊಂಡು ಬಂದಿದ್ದೆ. ನನ್ನ ಇಂಗ್ಲಿಷಿನ ಮುಂದೆ ಗುರುಮಲ್ಲು ಯಾವ ಲೆಕ್ಕ ಎಂಬ ಧೈರ್ಯವೂ ಇತ್ತು.

ಮೊದಲು ನನ್ನನ್ನು ಕರೆದರು. ಅರ್ಧ ತೋಳಿನ ಅಂಗಿ ತೊಟ್ಟ ನೆರೆತ ತಲೆಯ ಬಿಳಿಯ ಒಬ್ಬನೇ ಕೂತಿದ್ದ. ಅದೂ ಇದೂ ಕೇಳಿ ಕೊನೆಗೆ, "ನಿಮ್ಮ ಕೆಲಸವನ್ನು ಯಾರಾದರೂ ತಿರಸ್ಕರಿಸಿದ್ದುಂಟೇ? ಆಗ ನೀವೇನು ಮಾಡಿದಿರಿ?" ಎಂದು ಕೇಳಿದ. ನಾನು ಬೆನ್ನು ನೆಟ್ಟಗೆ ಮಾಡಿ, ತಾತನ ಇಂಗ್ಲಿಷಿನಲ್ಲಿ, "ಇಲ್ಲ ಸರ್, ಇಲ್ಲಿಯವರೆಗೆ ಒಮ್ಮೆಯೂ ಇಲ್ಲ" ಎಂದೆ. ಅವನು ಅದನ್ನು ಬರೆದುಕೊಂಡ. ನಾನು ಗೆದ್ದೆ ಎಂದುಕೊಂಡು ಹೊರಬಂದೆ.

ಗುರುಮಲ್ಲು ಒಳಗೆ ಹೋದವನು ನಲವತ್ತು ನಿಮಿಷ ಆದರೂ ಬರಲಿಲ್ಲ. ಬಂದಾಗ ಮುಖ ಬಿಳಿಚಿಕೊಂಡಿತ್ತು. ವಾಪಸು ರೈಲಿನಲ್ಲಿ ಮದ್ದೂರು ಬಂದಾಗ ನನಗೊಂದು ವಡೆ ಕೊಡಿಸಿದ, ತಾನು ತಿನ್ನಲಿಲ್ಲ.

"ಏನ್ ಕೇಳಿದ್ರೋ ಅಷ್ಟೊತ್ತು?" ಎಂದೆ.

"ಕಂಬದ ಕತೆ ಯೋಳ್ದೆ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ನನ್ನ ಮರ್ಯಾದೆ ಕಳೆದ ಕಥೆಯನ್ನೇ ಅಲ್ಲಿ ಮಾರಿ ಬಂದಿದ್ದಾನೆ! ಒಂದೂವರೆ ತಿಂಗಳಿಗೆ ಅವನಿಗೆ ಕಾಗದ ಬಂತು, ನನಗೆ ಬರಲಿಲ್ಲ. ನನ್ನ ಕಂಬ ಹತ್ತಿ ನಿಂತು ಅವನು ವಿಮಾನ ಹತ್ತಿದ ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ವಸಂತ ಒಂದು ದಿನ, "ಆ ಕಂಬ ಹುಳುಕಾಗಿತ್ತು ಅಂತ ಮಾತ್ರ ಯಾರಿಗೂ ಹೇಳಲ್ವಲ್ರೀ ನೀವು" ಎಂದಳು. ಅವತ್ತು ನಾನು ಊಟ ಬಿಟ್ಟೆ.

ವರ್ಷಕ್ಕೊಮ್ಮೆ ಅವನು ರಜೆಗೆ ಬರುತ್ತಿದ್ದ. ಬಂದಾಗೆಲ್ಲ ಅವರ ಮನೆಯ ಜಗುಲಿಯಲ್ಲಿ ಜನ. ಅಲ್ಲಿ ಏನು ಮಾಡುತ್ತೀಯಪ್ಪ, ತೋಪು ಇದೆಯೇ, ಬಾಂಬು ನೋಡಿದ್ದೀಯಾ ಎಂದು ಕೇಳಿದರೆ ಅವನ ಉತ್ತರ, "ಸಿಪಾಯಿಗಳು ಮನಗೋ ರೂಮು, ಉಣ್ಣೋ ರೂಮು, ಕಕ್ಕಸು, ನಲ್ಲಿ. ಯುದ್ಧ ಅವರ್ದು ಕಣಣ್ಣ, ನಲ್ಲಿ ನಮ್ದು." ಬೇಸಿಗೆಯಲ್ಲಿ ನೀರಿಗೆ ಬದಲು ಮಂಜುಗಡ್ಡೆ ಹಾಕಿ ಕಾಂಕ್ರೀಟು ಕಲೆಸುವುದನ್ನು ವರ್ಣಿಸುತ್ತಿದ್ದ. ಒಂದು ಸಲ ಮಿತಿಗಿಂತ ಬಿಸಿಯಾಗಿದ್ದ ಕಾಂಕ್ರೀಟ್ ಲಾರಿಗಳನ್ನು ಸಾಲಾಗಿ ವಾಪಸು ಕಳಿಸಿದನಂತೆ. ಕ್ಯಾಪ್ಟನ್ ಒಬ್ಬ ಬಂದು ಎಗರಾಡಿದನಂತೆ. "ಅವ್ನ ಎಗ್ಲ ಮ್ಯಾಲೆ ಪಟ್ಟಿ ಇತ್ತು, ನನ್ ಕೈಲಿ ಥರ್ಮಾಮೀಟ್ರಿತ್ತು. ಥರ್ಮಾಮೀಟ್ರು ಸಲೂಟ್ ಒಡೀತದಾ?" ಎಂದು ಕೇಳಿದ. ಜಗುಲಿಯ ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ನಾನಾಗಿದ್ದರೆ ಆ ಕ್ಯಾಪ್ಟನ್ನಿಗೆ ಎಂಥ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ ಎಂದು ವಾಕ್ಯ ಜೋಡಿಸುತ್ತಿದ್ದೆ. ಎಷ್ಟೋ ವರ್ಷ ಜೋಡಿಸಿದೆ. ನಿಜ ಏನೆಂದರೆ, ನಾನಾಗಿದ್ದರೆ ಲಾರಿಗಳನ್ನು ಬಿಟ್ಟುಬಿಡುತ್ತಿದ್ದೆ.

ಸಿದ್ಧಾರ್ಥನಗರದಲ್ಲೇ ಅವನು ಮನೆ ಕಟ್ಟಿಸಿದ. ರಜೆ ಕೂಡಿಹಾಕಿಕೊಂಡು ಬಂದು ತಾನೇ ನಿಂತ. ಮೌಲ್ಡ್ ಹಾಕುವ ಹಿಂದಿನ ದಿನ ನಡೆದದ್ದನ್ನು ಆ ಬಡಾವಣೆಯವರು ಇವತ್ತಿಗೂ ಹೇಳುತ್ತಾರೆ. ಅವನ ಇಲಾಖೆಯಲ್ಲಿ ಯಾವ ಕೆಲಸ ಶುರುವಾಗುವ ಮೊದಲೂ ಎಲ್ಲರನ್ನೂ ಕೂರಿಸಿ ಮಾತಾಡುವ ಪದ್ಧತಿ ಇತ್ತಂತೆ. ಅದನ್ನು ಇಲ್ಲಿಗೂ ತಂದ. ಮೇಸ್ತ್ರಿ, ಕಂಬಿ ಕಟ್ಟುವವರು, ವೈರಿಂಗಿನವನು, ಮಿಕ್ಸರ್ ಡ್ರೈವರು, ಬಾಂಡಲಿ ಹೊರುವ ಹೆಂಗಸರು, ಎಲ್ಲರಿಗೂ ಚಾಪೆ ಹಾಸಿ, ಇಡ್ಲಿ ಕಾಫಿ ಕೊಡಿಸಿ, ತಾನೂ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ಒಬ್ಬೊಬ್ಬರನ್ನೂ ಹೆಸರು ಹಿಡಿದು, ನಾಳೆ ನೀನೇನು ಮಾಡುತ್ತೀ, ಏನು ತಪ್ಪಾಗಬಹುದು ಎಂದು ಕೇಳುತ್ತಾ ಬಂದ. ನಾನು ತಮಾಷೆ ನೋಡಲೆಂದೇ ಗೇಟಿನ ಹತ್ತಿರ ಸ್ಕೂಟರಿಗೆ ಒರಗಿ ನಿಂತಿದ್ದೆ.

ಬಾಂಡಲಿ ಹೊರುವವರ ಪೈಕಿ ಪುಟ್ಟಮ್ಮ ಎಂಬ ಹಿರಿಯಳು ಮೂಗಿನ ಮೇಲೆ ಬೆರಳಿಟ್ಟು, "ನಾಳೆ ಮಾಡೋದ್ನೆಲ್ಲ ಇವತ್ತೇ ಬಾಯಲ್ಲಿ ಮಾಡ್ಬುಟ್ರೆ ನಾಳೆ ಏನ್ ಮಾಡದು ಸಾಮಿ?" ಎಂದಳು. ಎಲ್ಲರೂ ಗೊಳ್ಳೆಂದರು. ಗುರುಮಲ್ಲು ನಗಲಿಲ್ಲ.

"ನೀನು ಯೋಳವ್ವ. ಎಷ್ಟು ಮನೆ ಮೌಲ್ಡ್ ಒತ್ತಿದ್ದೀಯ ನೀನು! ಇಲ್ಲಿ ಏನು ಕೆಡ್ತದೆ?"

ಅವಳು ತಲೆಯೆತ್ತಿ ಬಾಲ್ಕನಿಯ ಕಡೆ ನೋಡಿದಳು. ಆಮೇಲೆ, "ಮಿಶಿನ್ನು ಆ ಮೂಲೇಲಿ ನಿಲ್ಸಿದ್ರೆ ನಾವು ಬಾಲ್ಕನಿ ಕಂಬಿ ತುಳ್ಕೊಂಡೇ ಓಡಾಡ್ಬೇಕು. ಮ್ಯಾಲಿರೋ ಕಂಬಿ ಕೆಳೀಕೆ ಕೂತ್ಕತದೆ. ಎಲ್ಲಾ ಮನೇಲೂ ಅಂಗೇ ಆಗೋದು. ಯಾರೂ ಕೇಳಕಿಲ್ಲ, ನಾವೂ ಯೋಳಕಿಲ್ಲ" ಎಂದಳು.

ಎಂಜಿನಿಯರುಗಳು ಪುಸ್ತಕದಲ್ಲಿ ಕಲಿಯುವ ಮಾತು ಅದು: ಹೊರಚಾಚಿದ ಬಾಲ್ಕನಿಗೆ ಕಬ್ಬಿಣ ಮೇಲೇ ಇರಬೇಕು, ಕೆಳಗೆ ಕೂತರೆ ಬಾಲ್ಕನಿ ಬಿರಿಯುತ್ತದೆ. ಗುರುಮಲ್ಲು ಎದ್ದು ಮಿಕ್ಸರಿನ ಜಾಗ ಬದಲಾಯಿಸಿದ. ಪುಟ್ಟಮ್ಮ ಆಮೇಲೆ ಊರೆಲ್ಲ ಅದನ್ನು ತನ್ನ ಮೌಲ್ಡ್ ಎಂದು ತೋರಿಸಿಕೊಂಡು ಓಡಾಡಿದಳು. ಮನೆಗೆ ಮಿಲಿಟ್ರಿ ಮನೆ ಎಂಬ ಹೆಸರು ನಿಂತಿತು. ಎಷ್ಟೋ ಮೌಲ್ಡ್ ಹಾಕಿಸಿದ ನನಗೆ ಒಬ್ಬ ಪುಟ್ಟಮ್ಮನೂ ಒಂದು ಮಾತು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ ಎಂಬುದು ಹೊಳೆಯಲಿಲ್ಲ. ಅದೃಷ್ಟವೂ ಅವನ ಕಡೆಗೇ ಇದೆ ಎಂದು ಕರುಬಿದೆ.

ಈ ಮಧ್ಯೆ ಎರಡು ಸಲ ಅವನು ನನಗೆ ಅರ್ಜಿಯ ಫಾರಂ ಕಳಿಸಿದ. ಎರಡು ಸಲವೂ ಜೊತೆಗೊಂದು ಚೀಟಿ: ಜಾಗ ಖಾಲಿ ಇದೆ, ನಾನು ಮಾತಾಡುತ್ತೇನೆ, ತುಂಬಿ ಕಳಿಸು. ನಾನು ತುಂಬಲಿಲ್ಲ. ಬೀರುವಿನಲ್ಲಿ ಬಟ್ಟೆಯ ಕೆಳಗೆ ಹಾಸಿದ ಕಾಗದದ ಅಡಿ ಸೇರಿಸಿದೆ. ವಸಂತ ಅದನ್ನು ಕಂಡುಹಿಡಿದು, "ಯಾಕ್ರೀ, ಹೋಗಬೇಕು ಅಂತ ಅಷ್ಟು ಆಸೆ ಇತ್ತಲ್ಲ?" ಎಂದು ಕೇಳಿದಳು. ಅವನ ಶಿಫಾರಸಿನ ಮೇಲೆ ಹೋಗಿ ಅವನ ಕೈಕೆಳಗೆ ನಿಲ್ಲುವುದೇ ಎಂದು ರೇಗಿದೆ. ಕೇಳದೆ ಕೊಡಲು ಬಂದವನ ಮೇಲೆ ಬರುವ ಸಿಟ್ಟು ಬಹಳ ಕೆಟ್ಟದ್ದು. ಅದಕ್ಕೆ ಕಾರಣ ಹುಡುಕಿದರೂ ಸಿಗುವುದಿಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಎರಡು ಸಾವಿರದ ಆಚೆಗೆ ಅವನ ಇಲಾಖೆ ಅವನನ್ನು ಅಫ್ಘಾನಿಸ್ತಾನಕ್ಕೆ ಹಾಕಿತು. ಅಲ್ಲಿ ನಿಜವಾದ ಯುದ್ಧವಿತ್ತು. ಒಂದು ದಿನ ಅವನ ಹೆಂಡತಿ ಶಿವಗಂಗಮ್ಮ ನಮ್ಮ ಮನೆಗೆ ಬಂದು, "ಸೀನಣ್ಣ, ಅವರ ಕ್ಯಾಂಪಿನ ಹತ್ರ ಏನೋ ಸಿಡೀತಂತೆ, ಆರು ದಿನ ಆಯ್ತು ಫೋನಿಲ್ಲ" ಎಂದು ಬಾಗಿಲಲ್ಲೇ ಕುಸಿದು ಕೂತರು. ಆಗ ನನ್ನ ಮನಸ್ಸಿನಲ್ಲಿ ಮೊದಲು ಬಂದ ಯೋಚನೆ, ಇನ್ನು ಮೇಲೆ ನನ್ನನ್ನು ಯಾರೊಂದಿಗೂ ಹೋಲಿಸುವುದಿಲ್ಲ ಎಂಬುದು. ಒಂದು ಕ್ಷಣ ಅಷ್ಟೇ. ಆದರೆ ಬಂದದ್ದು ನಿಜ. ಮರುಕ್ಷಣವೇ ಅವರನ್ನು ಕೂರಿಸಿ ನೀರು ಕೊಟ್ಟು, ಟೆಲಿಫೋನ್ ಬೂತಿಗೆ ಓಡಿದೆ. ಮಾರನೆಯ ದಿನ ಅವನೇ ಫೋನ್ ಮಾಡಿದ, ಲೈನು ಕೆಟ್ಟಿತ್ತಂತೆ. ಆ ವಾರ ನಾನು ಬರಿಗಾಲಲ್ಲಿ ಬೆಟ್ಟದ ಮೆಟ್ಟಿಲು ಹತ್ತಿದೆ. ಏನು ಹರಕೆ ಎಂದು ವಸಂತ ಕೇಳಿದರೆ ಕಾಲುನೋವಿಗೆ ಎಂದು ಸುಳ್ಳು ಹೇಳಿದೆ.

ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ ಗುರುಮಲ್ಲು ಪೂರ್ತಿಯಾಗಿ ಊರಿಗೆ ಬಂದುಬಿಟ್ಟ. ಎದೆ ನೋವು ಕಾಣಿಸಿಕೊಂಡು ಡಾಕ್ಟರುಗಳು ಸಾಕು ಎಂದಿದ್ದರು. ಆಗ ಮಂಡಕಳ್ಳಿಯಲ್ಲಿ ವಿಮಾನಗಳು ನಿಲ್ಲುವ ಕಾಂಕ್ರೀಟು ಹಾಸಿನ ಒಂದು ಭಾಗದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಅವನು ಮರಳುಗಾಡಿನಲ್ಲಿ ಮಾಡಿದ ಕೆಲಸ ಕೊನೆಗೂ ನನ್ನ ಕೈಗೆ, ನನ್ನ ಊರಿನಲ್ಲೇ ಸಿಕ್ಕಿತ್ತು. ಆ ಕೆಲಸವನ್ನು ನಾನು ಹಿಂದೆಂದೂ ಮಾಡದ ಹಾಗೆ ಮಾಡಿದೆ. ಒಂದು ಮಧ್ಯಾಹ್ನವೂ ಜಾಗ ಬಿಟ್ಟು ಕದಲಲಿಲ್ಲ. ಅವನನ್ನು ಕರೆದು ತೋರಿಸಬೇಕು, ಅವನ ಬಾಯಿಂದ ಭೇಷ್ ಅನ್ನಿಸಿಕೊಳ್ಳಬೇಕು, ಆಮೇಲೆ ಆ ಸಂದರ್ಶನದ ಬಗ್ಗೆ ಮನಸ್ಸಿನಲ್ಲೇ ಉಳಿದಿದ್ದ ಪ್ರಶ್ನೆ ಕೇಳಿಬಿಡಬೇಕು ಎಂದು ನಿರ್ಧಾರ ಮಾಡಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಪಾಸು ಮಾಡಿಸಿ ಕರೆದುಕೊಂಡು ಹೋದೆ. ಬಹಳ ಸೊರಗಿದ್ದ. ಪ್ಯಾಂಟು ಸಡಿಲವಾಗಿ, ಜೇಬಿನ ಬೀಗದ ಕೈ ಭಾರಕ್ಕೆ ಒಂದು ಕಡೆ ಜೋತುಬಿದ್ದಿತ್ತು. ಹಾಸಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ತಟ್ಟಲು ಶುರುಮಾಡಿದ. ಒಂದು ಚೌಕ, ಇನ್ನೊಂದು ಚೌಕ, ಮತ್ತೊಂದು. ಬಿಸಿಲು ಏರುತ್ತಿತ್ತು. ನಾನು ಅವನ ತಲೆಯ ಮೇಲೆ ಕೊಡೆ ಹಿಡಿದು ಹಿಂದೆ ಹಿಂದೆ ನಡೆದೆ. ನಲವತ್ತೈದು ದಾಟಿದ ನಾನು ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನಂತೆ ಒಂದೊಂದು ಸದ್ದಿಗೂ ಕಿವಿಗೊಡುತ್ತಿದ್ದೆ. ಕೊನೆಗೆ ಅವನು ಎದ್ದು ನಿಂತು ಸೊಂಟ ಹಿಡಿದುಕೊಂಡ.

"ಎಲ್ಲೂ ಇಲ್ಲ ಕಣೋ ಸೀನ. ಗಟ್ಟಿ."

ಅಷ್ಟಕ್ಕೇ ನನ್ನ ಕಣ್ಣು ತುಂಬಿಬಿಟ್ಟಿತು. ಅದನ್ನು ಮುಚ್ಚಿಕೊಳ್ಳಲು ಜಗಳಕ್ಕೆ ಬಿದ್ದವನ ಹಾಗೆ ಕೇಳಿದೆ:

"ಅವತ್ತು ಬೆಂಗಳೂರಲ್ಲಿ ಕಂಬದ ಕಥೆ ಹೇಳ್ದೆ ಅಂದ್ಯಲ್ಲ, ನನ್ನ ಹೆಸರು ಹೇಳಿದ್ಯಾ?"

ಅವನು ಬೀಗದ ಕೈಯನ್ನು ಅಂಗಿಯ ತುದಿಯಲ್ಲಿ ಒರೆಸುತ್ತಾ ನಿಂತ.

"ಯೋಳ್ದೆ. ಅದೇ ನಾನು ಮಾಡಿದ ತಪ್ಪು." ಅವನ ಧ್ವನಿ ಇಳಿಯಿತು. "ಕಂಬ ಕೆಟ್ಟಿತ್ತು ಅಂದೆ. ಕಟ್ಟಿಸ್ದೋನು ಏನ್ ಮಾಡ್ದ ಅಂತ ಕೇಳ್ದ. ಅವ್ನೇ ಸಮ್ಮಟಿಗೆ ಎತ್ಕೊಂಡು ಎಲ್ರ ಮುಂದೆ ಮೊದಲ್ನೇ ಏಟು ಆಕ್ದ ಸಾರ್, ಅಂಥೋನು ಸಿಕ್ಕಲ್ಲ, ಈಗ್ತಾನೆ ಇಲ್ಲಿಂದ ಓದ್ನಲ್ಲ ಅವ್ನೇ, ನನ್ ಜೊತೆಗೆ ಅವನ್ನೂ ತಕ್ಕೊಳಿ ಅಂದೆ. ಆ ಬಿಳಿಯ ನಿನ್ ಮಾತು ಬರ್ಕೊಂಡಿದ್ದ ಆಳೆ ತಿರುವಿ ನೋಡ್ದ. ನೋಡ್ಬುಟ್ಟು ಪೆನ್ನು ಮುಚ್ಚಿ ಇಟ್ಬುಟ್ಟ. ನೀನು ಒಳಗೆ ಏನ್ ಯೋಳಿದ್ದೆ ಅಂತ ನಂಗೆ ಆಗ ಗೊತ್ತಾಯ್ತು ಕಣೋ."

ನನ್ನ ಕೆಲಸವನ್ನು ಯಾರೂ ಒಮ್ಮೆಯೂ ತಿರಸ್ಕರಿಸಿಲ್ಲ ಎಂದು ನಾನು ಹೇಳಿದ್ದ ಸುಳ್ಳು ಆ ಹಾಳೆಯಲ್ಲಿತ್ತು. ಅವನು ನನ್ನನ್ನು ಹೊಗಳಿದ ಮಾತಿನಿಂದಲೇ ಅದು ಬಯಲಾಗಿತ್ತು. ಆ ಮುಖ ಬಿಳಿಚಿದ್ದು, ತಿನ್ನದೆ ಬಿಟ್ಟ ವಡೆ, ಎರಡು ಸಲ ಬಂದ ಫಾರಂ, ಎಲ್ಲವೂ ಒಂದರ ಹಿಂದೊಂದು ನೆನಪಾದವು. ಹದಿನೈದು ವರ್ಷ ನಾನು ಕರುಬಿದ್ದೆ. ಅಷ್ಟೇ ವರ್ಷ ಅವನು ತನ್ನ ಬಾಯಿಂದಲೇ ನನ್ನ ಕೆಲಸ ಹೋಯಿತೆಂದು ಕೊರಗಿದ್ದ.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಮಲ್ಲು, ನೀನು ತಿಳ್ಕೊಂಡಿರೋ ಹಾಗಲ್ಲ ಕಣೋ. ಅವತ್ತು ನಾನು ಸಮ್ಮಟಿಗೆ ಎತ್ತಿದ್ದು ಪ್ರಾಮಾಣಿಕತೆಗಲ್ಲ. ನಿನ್ನ ತಲೆ ಒಡೀಬೇಕು ಅನ್ನೋ ಸಿಟ್ಟಿಗೆ."

ಅವನು ನನ್ನನ್ನು ನೋಡಿ, ಜಗುಲಿಯ ಮೇಲೆ ನಗುತ್ತಿದ್ದ ಹಾಗೆಯೇ ಹೊಟ್ಟೆ ಕುಲುಕಿಸಿ ನಕ್ಕ.

"ಗೊತ್ತು ಕಣೋ. ಅದಕ್ಕೇ ಅಲ್ವಾ ಎರಡೆಜ್ಜೆ ಇಂದಕ್ಕೋಗಿದ್ದು?"

"ಗೊತ್ತಿದ್ದೂ ಯಾಕೆ ಹಾಗೆ ಹೇಳ್ದೆ?"

"ಏಟು ಬಿದ್ದಿದ್ದು ಕಂಬಕ್ಕೇ ಅಲ್ವೇನೋ" ಎಂದ.

ಅದೇ ನಾವು ಮನಸ್ಸು ಬಿಚ್ಚಿ ಮಾತಾಡಿದ ಕೊನೆಯ ದಿನ. ಮಂಡಕಳ್ಳಿಯಲ್ಲಿ ಮೊದಲ ವಿಮಾನ ಇಳಿಯುವ ಹೊತ್ತಿಗೆ ಅವನು ಇರಲಿಲ್ಲ. ಒಂದು ಬೆಳಿಗ್ಗೆ ಪೂಜೆಗೆ ಕೂತವನು ಏಳಲಿಲ್ಲವಂತೆ. ಸಮಾಧಿಗೆ ಬಂದ ಜನ ನೋಡಿ ನನಗೆ ಬೆರಗಾಯಿತು. ಎಲ್ಲೆಲ್ಲಿಂದಲೋ ಮೇಸ್ತ್ರಿಗಳು, ಕಂಬಿ ಕಟ್ಟುವವರು ಬಂದಿದ್ದರು. ಪುಟ್ಟಮ್ಮ ಕೋಲೂರಿಕೊಂಡು ಬಂದು, "ನನ್ನೂ ಒಂದ್ ಮಾತು ಕೇಳಿದ್ದ ಬುದ್ಧಿ ಅವ್ನು" ಎಂದು ಅಳುತ್ತಿದ್ದಳು. ಅಲ್ಲಿ ನಿಂತೂ ನಾನು, ನನಗಾದರೆ ಇಷ್ಟು ಜನ ಬರುತ್ತಾರೆಯೇ ಎಂದು ಎಣಿಸುತ್ತಿದ್ದೆ. ಹೊಟ್ಟೆಕಿಚ್ಚು ಹೋಯಿತು ಎಂದು ಹೇಳಿದರೆ ಅದೂ ಸಿಮೆಂಟ್ ಹಾಲು ಬಳಿದ ಹಾಗೆಯೇ ಆದೀತು.

ಹನ್ನೊಂದನೆಯ ದಿನ ಶಿವಗಂಗಮ್ಮ ಆ ಬೀಗದ ಕೈಯನ್ನು ತಂದು, "ಇದು ನಿಮ್ಗೇ ಅಂತ ಹೇಳಿದ್ರು, ಸೀನಣ್ಣ" ಎಂದು ನನ್ನ ಕೈಗಿಟ್ಟರು. ಮನೆಗೆ ಬಂದವನೇ ನಡುಮನೆಯ ಕ್ಯಾಲೆಂಡರ್ ತೆಗೆದು ಪೂರ್ವದ ಗೋಡೆ ತಟ್ಟಿದೆ. ಅವನು ಹೇಳಿದ ಜಾಗದಲ್ಲೇ ಸದ್ದು ಬದಲಾಯಿತು.

ಮೇಸ್ತ್ರಿಯನ್ನು ಕರೆಸಿದೆ. ಎಳೆಯ ವಯಸ್ಸಿನವನು. ಗೋಡೆಯ ಮುಂದೆ ನಿಂತು ಕಣ್ಣಲ್ಲೇ ಮೇಲಿಂದ ಕೆಳಗೆ ನೋಡಿ, "ಏನೂ ಆಗಿಲ್ವಲ್ಲ ಸಾರ್, ಚೆನ್ನಾಗೇ ಅದೆ" ಎಂದ.

ನಾನು ಜೇಬಿನಿಂದ ಬೀಗದ ಕೈ ತೆಗೆದು ಅವನಿಗೆ ಕೊಟ್ಟೆ.

"ತಟ್ಟಿದ್ಯಾ?" ಎಂದೆ.